ಕೆಂಪು ಬಿಲ್ಲೆಯ ಟಗರು

ಕೆಂಪು ಬಿಲ್ಲೆಯ ಭೈರ ನಾಲ್ಕನೆಯ ಟಗರನ್ನು ಕೊಂದದ್ದು ಬೆಳಗಿನ ಹನ್ನೊಂದು ಗಂಟೆಗೆ, ನನ್ನ ಕಣ್ಣೆದುರಿಗೇ. ನಾನು ತೊಟ್ಟಿಗೆ ನೀರು ಬಿಡುತ್ತಿದ್ದೆ. ನಡುವಿನ ಕಬ್ಬಿಣದ ಗೇಟನ್ನು ಅದು ಆಗಲೇ ಹಾಯ್ದು ಮುರಿದು, ಕಿವಿಗೆ ಹಸಿರು ಬಿಲ್ಲೆ ಹಾಕಿದ್ದ ಟಗರುಗಳ ಕಡೆ ನುಗ್ಗಿತ್ತು. ಮೂರು ಹೆಜ್ಜೆ ಹಿಂದೆ ಸರಿಯಿತು, ತಲೆ ತಗ್ಗಿಸಿತು, ಓಡಿ ಬಂದು ಹಾಯ್ದಿತು. ಎದುರಿಗಿದ್ದ ಸಾಧು ಪ್ರಾಣಿ ಹೊಟ್ಟು ಮೆಲ್ಲುತ್ತ ನಿಂತಲ್ಲೇ ಮಂಡಿಯೂರಿತು. ಬಿದ್ದ ಮೇಲೂ ಭೈರ ಬಿಡಲಿಲ್ಲ. ಮತ್ತೆ ಮೂರು ಹೆಜ್ಜೆ ಹಿಂದೆ, ಮತ್ತೆ ಡಿಕ್ಕಿ. ಸತ್ತದ್ದನ್ನು ಏಳು ಸಲ ಕೊಂದಿತು. ನಾನು ಸಲಾಕೆ ಹಿಡಿದು ಅದರ ಬೆನ್ನಿಗೆ ಬಡಿದೆ. ಅದಕ್ಕೆ ತಾಗಿದ್ದೂ ಗೊತ್ತಾಗಲಿಲ್ಲ.

ನಾನು ಫಕ್ಕೀರವ್ವ. ಕರಿಗುಡ್ಡದ ಕುರಿ ಸಂಶೋಧನಾ ಕೇಂದ್ರದಲ್ಲಿ ತಾಂತ್ರಿಕ ಸಹಾಯಕಿ. ಹೆಸರು ದೊಡ್ಡದು, ಕೆಲಸ ಮಾತ್ರ ಸೂಜಿ ಚುಚ್ಚುವುದು, ರಕ್ತ ತೆಗೆಯುವುದು, ಬೇಡವಾದ ಟಗರುಗಳ ಬೀಜ ಒಡೆಯುವುದು, ಸತ್ತವನ್ನು ಹೂಳಿಸುವುದು. ಈ ಕಥೆಯನ್ನು ಪೇಪರಿನವರು ಬರೆದಿದ್ದಾರೆ, ವಕೀಲರು ಕೋರ್ಟಿನಲ್ಲಿ ಹೇಳಿದ್ದಾರೆ. ಎಲ್ಲರೂ ವಿಜ್ಞಾನದ ತಪ್ಪು ಎಂದರು. ಸುಡುಗಾಡು. ತಪ್ಪು ವಿಜ್ಞಾನದ್ದಲ್ಲ, ನನ್ನ ಬಾಯಿಯದು. ಅದನ್ನು ಬೇರೆ ಯಾರೂ ಹೇಳುವುದಿಲ್ಲವಾದ್ದರಿಂದ ನಾನೇ ಹೇಳುತ್ತಿದ್ದೇನೆ.

ನಮ್ಮ ಕೇಂದ್ರದ ಮುಖ್ಯಸ್ಥೆ ಡಾಕ್ಟರ್ ಅನಸೂಯಾ ಕಟ್ಟಿ, ಧಾರವಾಡದ ಕಡೆಯವರು. ಕೆಲಸಕ್ಕೆ ಸೇರಿದ ದಿನ ಅವರು ನನ್ನನ್ನು ಕೂರಿಸಿಕೊಂಡು ಹೇಳಿದ್ದು ನನಗೆ ಇಂದಿಗೂ ಬಾಯಿಪಾಠ.

"ಫಕ್ಕೀರವ್ವಾ, ಒಂದು ಮನಿ ಅದ ಅಂತ ತಿಳ್ಕೋ. ಮನಿಗೆ ಒಂದ ಹಗೇವು. ಅದರಾಗಿನ ಜ್ವಾಳ ಬಿತ್ಲಿಕ್ಕೂ ಬೇಕು, ತಿನ್ಲಿಕ್ಕೂ ಬೇಕು. ಎಲ್ಲಾ ಬಿತ್ತಿದ್ರ ಮನಿ ಮಂದಿ ಉಪಾಸ ಸಾಯ್ತಾರ. ಎಲ್ಲಾ ತಿಂದ್ರ ಮುಂದ ಬೆಳಿ ಇಲ್ಲ. ಪ್ರತಿಯೊಂದು ಪ್ರಾಣಿ ಮೈಯಾಗ ಇದ ಜಗಳ ನಡದದ. ಮರಿ ಮಾಡ್ಬೇಕೋ, ಮೈ ರಿಪೇರಿ ಮಾಡ್ಕೋಬೇಕೋ."

ಇಲಿ ಎಲ್ಲವನ್ನೂ ಬಿತ್ತಿಬಿಡುತ್ತದೆ, ಎರಡು ವರ್ಷಕ್ಕೆ ಮುಗಿಯುತ್ತದೆ. ಆನೆ ನಾಲ್ಕೈದು ವರ್ಷಕ್ಕೆ ಒಂದು ಮರಿ ಹಾಕುತ್ತದೆ, ಅರವತ್ತು ವರ್ಷ ಬದುಕುತ್ತದೆ. ಆಸ್ಟ್ರೇಲಿಯಾದಲ್ಲಿ ಇಲಿಯಂಥದೊಂದು ಪ್ರಾಣಿ ಇದೆಯಂತೆ. ಅದರ ಗಂಡುಗಳೆಲ್ಲ ಎರಡು ಮೂರು ವಾರ ಹುಚ್ಚು ಹಿಡಿದಂತೆ ಕೂಡಿ, ಮೈಯ ಕೂದಲು ಉದುರಿ, ಹುಣ್ಣಾಗಿ, ಒಟ್ಟಿಗೇ ಸಾಯುತ್ತವೆ. ಬೀಜ ಒಡೆದರೆ ಮಾತ್ರ ಬದುಕುತ್ತವೆ. ಮೇಡಂ ಇದನ್ನೆಲ್ಲ ಹೇಳುವಾಗ ಅವರ ಕಣ್ಣು ಹೊಳೆಯುತ್ತಿತ್ತು.

ಈ ಜಗಳದ ತೀರ್ಪು ಕೊಡುವ ಜಾಗ ಮನುಷ್ಯರ ಕೈಗೆ ಸಿಕ್ಕರೆ? ಸಿಕ್ಕಿತು. ಟಗರಿನ ಮೆದುಳಿನ ತಳದಲ್ಲಿ ಕಡಲೆಕಾಳಿನಷ್ಟು ಜಾಗ. ಅದನ್ನು ಎರಡು ಕಡೆಗೆ ತಿರುಗಿಸುವ ಎರಡು ಔಷಧ ಮೇಡಂ ಮಾಡಿದರು. ಹಸಿರು ಸೂಜಿ ಬಿದ್ದರೆ ಹಗೇವಿನ ಜೋಳವೆಲ್ಲ ರಿಪೇರಿಗೆ. ಗಾಯ ಎರಡು ದಿನಕ್ಕೆ ಮಾಯುತ್ತದೆ, ಹಲ್ಲು ಸವೆಯುವುದಿಲ್ಲ, ಆದರೆ ಮರಿ ಇಲ್ಲ. ಕೆಂಪು ಸೂಜಿ ಬಿದ್ದರೆ ಎಲ್ಲವೂ ಬಿತ್ತುವುದಕ್ಕೆ. ಮೇಡಂಗೆ ಬೇಕಾಗಿದ್ದು ಹಸಿರು. ಮೇಲಿನವರಿಗೆ ಬೇಕಾಗಿದ್ದು ಕೆಂಪು, ಒಂದು ಟಗರಿನಿಂದ ಒಂದೇ ಹಂಗಾಮಿನಲ್ಲಿ ಮುನ್ನೂರು ಮರಿ. ಕೆಂಪು ಮಾಡದೆ ಹಸಿರಿಗೆ ಅನುಮತಿ ಸಿಗಲಿಲ್ಲ.

ಹೀಗೆ ಆರು ಟಗರುಗಳ ಕಿವಿಗೆ ಕೆಂಪು ಬಿಲ್ಲೆ ಬಿತ್ತು. ಬಿಲ್ಲೆಯೊಳಗಿನ ಯಂತ್ರ ಎದೆಬಡಿತ, ಮೈಬಿಸಿ, ನಿದ್ದೆ ಎಲ್ಲವನ್ನೂ ಆಫೀಸಿನ ಪರದೆಗೆ ಕಳಿಸುತ್ತಿತ್ತು. ಆರರಲ್ಲಿ ಒಂದು ಭೈರ. ಅದು ನನ್ನ ತಮ್ಮ ಮೈಲಾರಿ ಸಾಕಿದ ಕಾಳಗದ ಟಗರು. ಕುರುಬರ ಮನೆಯಲ್ಲಿ ಕಾಳಗದ ಟಗರಿಗೆ ಹೆಣ್ಣು ತೋರಿಸುವುದಿಲ್ಲ. ತೋರಿಸಿದರೆ ಕಸುವು ಹೋಗುತ್ತದೆ ಎಂದು ನಂಬಿಕೆ. ನಾಲ್ಕು ವರ್ಷ ಭೈರ ಹೆಣ್ಣು ಕುರಿಯ ವಾಸನೆ ಕಂಡಿರಲಿಲ್ಲ, ಹನ್ನೆರಡು ಕಾಳಗ ಗೆದ್ದಿತ್ತು. ಮುಂಗಾಲಿಗೆ ಪೆಟ್ಟಾಗಿ ಕಣಕ್ಕೆ ಬಾರದಾದಾಗ ಕಟುಕರಿಗೆ ಕೊಡಲು ಮನಸ್ಸಾಗದೆ ಮೈಲಾರಿಯೇ ನಮ್ಮ ಕೇಂದ್ರಕ್ಕೆ ತಂದು ಬಿಟ್ಟಿದ್ದ.

ಮೈಲಾರಿಗೆ ಆಗ ಇಪ್ಪತ್ನಾಲ್ಕು. ನನಗಿಂತ ಹತ್ತು ವರ್ಷ ಚಿಕ್ಕವನು. ಅವ್ವ ಹೋದಾಗ ಅವನಿನ್ನೂ ಹಾಲುಹಲ್ಲಿನ ಕೂಸು. ನಾನೇ ಉಣ್ಣಿಸಿ, ಬೈದು, ಹೊಡೆದು ಬೆಳೆಸಿದೆ. ಗಂಡ ತೀರಿಕೊಂಡ ಮೇಲೆ ನಾನು ಮತ್ತೆ ಬಂದು ಕೂತದ್ದೂ ಅವನ ಮನೆಯಲ್ಲೇ. ಅವನು ಪೈಲ್ವಾನ. ದಾವಲಸಾಬ ವಸ್ತಾದರ ಗರಡಿಯಲ್ಲಿ ಕಲಿತವನು. ಬೆಳ್ಳಿ ಗದೆ ಗೆಲ್ಲುವ ತನಕ ಹೆಂಡತಿಯನ್ನು ಮುಟ್ಟುವುದಿಲ್ಲ ಎಂದು ಹನುಮಪ್ಪನ ಮುಂದೆ ಆಣೆ ಮಾಡಿ, ಕೆಂಪು ಲಂಗೋಟಿ ಕಟ್ಟಿ, ಗರಡಿಯಲ್ಲೇ ಮಲಗುತ್ತಿದ್ದ. ಮದುವೆಯಾಗಿ ಎಂಟು ತಿಂಗಳಾಗಿತ್ತು. ಹೆಂಡತಿ ರೇಣವ್ವ ಮನೆಯಲ್ಲಿ ನನ್ನ ಪಕ್ಕದಲ್ಲಿ ಮಲಗುತ್ತಿದ್ದಳು, ಬಾಯಿಬಿಟ್ಟು ಏನೂ ಹೇಳುತ್ತಿರಲಿಲ್ಲ.

ಭೈರ ನಾಲ್ಕನೆಯದನ್ನು ಕೊಂದ ದಿನ ಮೈಲಾರಿ ಮಧ್ಯಾಹ್ನದ ಊಟಕ್ಕೆ ಬಂದ. ಸುದ್ದಿ ಆಗಲೇ ಗರಡಿಗೆ ಮುಟ್ಟಿತ್ತು.

"ಅಕ್ಕಾ, ನಮ್ ಭೈರ ಕಬ್ಬಿಣದ ಗೇಟ್ ಮುರದೈತಂತಲ್ಲ?"

"ಮುರದೈತಿ. ನಾಕು ಟಗರು ಕೊಂದೈತಿ. ಖುಷಿ ಏನು ನಿನಗ?"

"ವಸ್ತಾದರು ಅಂದ್ರು, ಹೆಣ್ಣು ಕಾಣದ ಮೈ ಅದು, ಔಷಧ ಬಿದ್ದ ಕೂಡ್ಲೆ ಕೂಡಿಟ್ಟ ಕಸುವೆಲ್ಲಾ ಹೊರಗ ಬಂತು ಅಂತ. ಯಾ ಸೂಜಿ ಅದಕ್ಕ?"

"ಕೆಂಪು."

"ಹನುಮಪ್ಪನ ಬಣ್ಣ," ಎಂದು ಲಂಗೋಟಿಯ ದಾರ ಮುಟ್ಟಿಕೊಂಡ. "ಕೆಂಪು ಏನ್ ಮಾಡತೈತಿ?"

ಇಲ್ಲಿ ನನ್ನ ಬಾಯಿ ಕಟ್ಟಿತು. ರೇಣವ್ವ ರೊಟ್ಟಿ ಬಡಿಯುತ್ತ ಕೂತಿದ್ದಾಳೆ. ಎದುರಿಗೆ ತಮ್ಮ. ಅದು ಬೆದೆಯ ಔಷಧ ಕಣೋ, ಭೈರ ಆರು ದಿನದಲ್ಲಿ ಎಪ್ಪತ್ತು ಹೆಣ್ಣು ಕುರಿ ಹಾರಿದೆ, ಗಂಡು ಕಂಡರೆ ಕೊಲ್ಲುತ್ತದೆ, ಇನ್ನು ಎರಡು ವಾರಕ್ಕೆ ಸಾಯುತ್ತದೆ ಎಂದು ಬೆಳೆದ ತಮ್ಮನ ಮುಂದೆ ಯಾವ ಅಕ್ಕ ಬಾಯಿ ಬಿಟ್ಟು ಹೇಳುತ್ತಾಳೆ? ದಿನಕ್ಕೆ ಹತ್ತು ಟಗರಿನ ಬೀಜ ಒಡೆಯುವ ನನಗೆ ಆ ಒಂದು ಮಾತು ಆಡಲು ನಾಚಿಕೆಯಾಯಿತು.

"ಕಸುವಿನ ಔಷಧ," ಎಂದೆ. "ಸುಮ್ನ ಉಣ್ಣು."

ಅವನು ಉಂಡು ಹೋದ. ಮರುದಿನ ನನಗೆ ಬುತ್ತಿ ಕೊಡಲು ಕೇಂದ್ರಕ್ಕೆ ಬಂದ. ಔಷಧದ ಪೆಟ್ಟಿಗೆಯ ಬೀಗದ ಕೈ ಆಫೀಸಿನ ಹನುಮಪ್ಪನ ಫೋಟೋದ ಹಿಂದೆ ತೂಗುತ್ತಿತ್ತು. ಅದು ಅಲ್ಲಿರುತ್ತದೆ ಎಂದು ಅವನಿಗೆ ನಾನೇ ಎಂದೋ ಹೇಳಿದ್ದೆ.

ಆ ಬಳಿಕದ ದಿನಗಳಲ್ಲಿ ನಾನು ಪರದೆಯ ಮುಂದಿಂದ ಏಳಲಿಲ್ಲ. ಕೆಂಪು ಬಿಲ್ಲೆಯ ಆರೂ ಟಗರುಗಳು ತಿನ್ನುವುದು ಬಿಟ್ಟಿದ್ದವು, ಮಲಗುವುದು ಬಿಟ್ಟಿದ್ದವು. ಸೂಜಿ ಬಿದ್ದ ಹತ್ತನೆಯ ದಿನಕ್ಕೆ ಉಣ್ಣೆ ಕಿತ್ತು ಬರತೊಡಗಿತು. ಹನ್ನೆರಡಕ್ಕೆ ಮೈಮೇಲಿನ ಗೀರುಗಳೆಲ್ಲ ಕೀವು. ಒಂದರ ಗಾಯದಲ್ಲಿ ಹುಳು ಬಿದ್ದರೂ ಅದು ಹೆಣ್ಣಿನ ಹಿಂದೆಯೇ ಓಡುತ್ತಿತ್ತು. ಮೈಗೆ ತನ್ನನ್ನು ಹೊಲಿದುಕೊಳ್ಳಲು ಏನೂ ಉಳಿದಿರಲಿಲ್ಲ. ಮೇಡಂ ಹಸಿರು ಸೂಜಿ ಹಾಕಿ ನೋಡಿದರು, ಹತ್ತಲಿಲ್ಲ. ದೊಡ್ಡ ಆಸ್ಪತ್ರೆಗಳಲ್ಲಿ ಕೊಡುವ ಹಾರ್ಮೋನು ತಡೆಯುವ ಔಷಧ ತರಿಸಿ ಹಾಕಿದರು, ಅದೂ ಹತ್ತಲಿಲ್ಲ.

"ಕೆಂಪು ಒಮ್ಮೆ ಬೀಜಕ್ಕ ಇಳೀತಂದ್ರ ಮೆದುಳಿನ ಮಾತು ಕೇಳೂದಿಲ್ಲ," ಎಂದರು ಮೇಡಂ. "ಬೀಜ ಮೆದುಳಿಗೆ ಬಾರಕೋಲು ಹೊಡೀತದ, ಮೆದುಳು ಬೀಜಕ್ಕ ಹೊಡೀತದ. ನಡುವ ಕಡೀಬೇಕು. ಒಡದು ನೋಡೋಣ."

ಹದಿನಾಲ್ಕನೆಯ ದಿನ ಭೈರನನ್ನೂ ಇನ್ನೊಂದನ್ನೂ ಒಡೆದು ಹಸಿರು ಸೂಜಿ ಹಾಕಿದೆ. ಹದಿನಾರನೆಯ ದಿನ ಮತ್ತೆರಡನ್ನು. ಉಳಿದ ಎರಡನ್ನು ಹಾಗೇ ಬಿಟ್ಟೆವು. ನನ್ನ ಇಕ್ಕಳದಿಂದ ರಕ್ತ ಬರುವುದಿಲ್ಲ. ಚರ್ಮದ ಮೇಲಿಂದಲೇ ಒಳಗಿನ ನರ ಜಜ್ಜುತ್ತದೆ. ಒಂದು ಸಣ್ಣ ಸದ್ದು, ಅಷ್ಟೆ. ಭೈರ ಅಂದು ಸಂಜೆ ಐದು ದಿನದಲ್ಲಿ ಮೊದಲ ಸಲ ಕೂತಿತು.

ಹದಿನೆಂಟನೆಯ ದಿನ ಭಾನುವಾರ. ಪೇಟೆಯಲ್ಲಿ ಬೆಳ್ಳಿ ಗದೆಯ ಕುಸ್ತಿ. ಒಡೆಯದೆ ಬಿಟ್ಟ ಎರಡರಲ್ಲಿ ಒಂದು ಅಂದು ಬೆಳಿಗ್ಗೆ ಗೋಡೆಗೆ ಹಾಯ್ದು ಹಾಯ್ದು ಸತ್ತಿತ್ತು. ಅದರ ರಕ್ತ ಕೈಯಿಂದ ತೊಳೆದು ನಾನು ತಮ್ಮನ ಕುಸ್ತಿ ನೋಡಲು ಹೋದೆ.

ಗರಡಿಯವರ ನಡುವೆ ಅವನನ್ನು ಕಂಡೆ. ಎಂಟು ದಿನದಿಂದ ನಾನು ಅವನನ್ನು ಸರಿಯಾಗಿ ನೋಡಿರಲಿಲ್ಲ. ಎದೆ ಉಬ್ಬಿತ್ತು, ಕಣ್ಣು ಕೆಂಪಾಗಿತ್ತು, ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಎದುರಾಳಿ ಕೊಲ್ಲಾಪುರದ ಕಡೆಯವನು, ಒಳ್ಳೆ ಆಳು. ಕೈ ಕೊಡಲು ಮುಂದೆ ಬಂದ. ಮೈಲಾರಿ ಕೈ ಕೊಡಲಿಲ್ಲ. ಎತ್ತಿ ನೆಲಕ್ಕೆ ಅಪ್ಪಳಿಸಿದ. ಕುಸ್ತಿ ಮುಗಿಯಿತು ಎಂದು ಪಂಚರು ಕೈಯೆತ್ತಿದರು, ಹಲಗೆ ಬಾರಿಸಿದರು, ಜನ ಸಿಳ್ಳೆ ಹೊಡೆದರು. ಬಿದ್ದವನು ಮಣ್ಣು ಒರೆಸಿಕೊಳ್ಳುತ್ತ ಎದ್ದ. ಆಗ ನನ್ನ ತಮ್ಮ ಮೂರು ಹೆಜ್ಜೆ ಹಿಂದೆ ಸರಿದ. ತಲೆ ತಗ್ಗಿಸಿದ.

ಆ ಮೂರು ಹೆಜ್ಜೆ ನನಗೆ ಗೊತ್ತಿತ್ತು. ನಾನು ಕೂಗಿದೆ, ಆ ಗದ್ದಲದಲ್ಲಿ ಯಾರಿಗೆ ಕೇಳಬೇಕು. ಹಣೆಗೆ ಹಣೆ ಬಡಿದ ಸದ್ದು ಹಲಗೆಯ ಸದ್ದನ್ನೂ ಮೀರಿ ಕೇಳಿಸಿತು. ಬಿದ್ದವನ ಮೇಲೆ ಮತ್ತೆ, ಮತ್ತೆ. ಎಂಟು ಜನ ಕೂಡಿ ಎಳೆಯಬೇಕಾಯಿತು. ಆ ಕೊಲ್ಲಾಪುರದ ಪೈಲ್ವಾನ ಬದುಕಿದ, ಒಂದು ಕಣ್ಣು ಹೋಯಿತು.

ಗದೆ ಯಾರೂ ಕೊಡಲಿಲ್ಲ. ಕಣದ ಹಿಂದಿನ ಕೋಣೆಯಲ್ಲಿ ಅವನ ಬೆನ್ನು ನೋಡಿದೆ. ಗೀರುಗಳೆಲ್ಲ ಹಸಿ ಹಸಿ. ಕಿವಿಯಿಂದ ಕೀವು. ತಲೆ ಸವರಿದೆ, ಹಿಡಿಗೂದಲು ಕೈಗೆ ಬಂತು.

"ಏನ್ ತಗೊಂಡೀ?"

ಅವನು ನಕ್ಕ. "ನೀನ ಹೇಳಿದ್ಯಲ್ಲ ಅಕ್ಕಾ, ಕಸುವಿನ ಔಷಧ. ಭೈರ ಐವತ್ತು ಕಿಲೋ, ಅದಕ್ಕ ಒಂದು ಸೀಸೆ. ನಾ ತೊಂಬತ್ತೈದು. ಎರಡು ತಗೊಂಡೆ. ನಿಂಗ ಲೆಕ್ಕ ಬರಾಂಗಿಲ್ಲಂತಿದ್ದಿ."

ನಾನು ಅವನ ಕಪಾಳಕ್ಕೆ ಹೊಡೆದೆ. ಅವನು ನನ್ನ ಕುತ್ತಿಗೆ ಹಿಡಿದು ಎತ್ತಿ ಗೋಡೆಗೆ ಎಸೆದ. ನನ್ನ ಎರಡು ಪಕ್ಕೆಲುಬು ಮುರಿದವು. ದಾವಲಸಾಬ ವಸ್ತಾದರು, ಎಪ್ಪತ್ತರ ಮುದುಕ, ಅಡ್ಡ ಬಂದು ನಿಂತರು. ಅವರಿಗೆ ಅವನು ಕೈ ಎತ್ತಲಿಲ್ಲ. ಆಗಿನ್ನೂ ಅಷ್ಟು ಉಳಿದಿತ್ತು.

ಮನೆಗೆ ಬಂದರೆ ಬಾಗಿಲು ಮುರಿದು ಬಿದ್ದಿತ್ತು. ರೇಣವ್ವ ಕೈಗೆ ಬಟ್ಟೆ ಕಟ್ಟಿಕೊಂಡು ಕೂತಿದ್ದಳು. ಭೈರನ ಚಾಕರಿಗೆಂದು ನಾನು ಒಂದು ವಾರದಿಂದ ಕೇಂದ್ರದಲ್ಲೇ ಉಳಿದಿದ್ದೆ. ಮನೆಯಲ್ಲೇನಾಗುತ್ತಿದೆ ಎಂದು ತಿರುಗಿ ನೋಡಿರಲಿಲ್ಲ.

"ಹನುಮಪ್ಪನ ಆಣಿ ಮುರದು ಮನಿಗೆ ಬಂದ್ರು ಅಕ್ಕಾರ," ಎಂದಳು, ನೆಲ ನೋಡುತ್ತ. "ಮೊದಲನೇ ದಿನ ನನಗ ಖುಷಿ ಆತು. ಸುಳ್ಳು ಯಾಕ ಹೇಳ್ಲಿ. ಮೂರನೇ ದಿನಕ್ಕ ಅಂಜಿಕಿ ಆತು. ಮಾತಿಲ್ಲ, ಕತಿಯಿಲ್ಲ, ಊಟಿಲ್ಲ. ಕಣ್ಣಾಗ ನಾ ಕಾಣತಿರಲಿಲ್ಲ ಅವರಿಗೆ. ನಿನ್ನೆ ಬಾಗಲಾ ಹಾಕ್ಕೊಂಡೆ. ತಲೀಲೆ ಗುದ್ದಿ ಮುರದ್ರು. ನನ್ನ ಕೈ ಅದರಡಿ ಸಿಕ್ತು."

ನಾನು ಅವಳನ್ನು ತಬ್ಬಿಕೊಂಡು ಅತ್ತೆ. ನನ್ನ ಒಂದು ಸುಳ್ಳು ಅವಳ ಕೈ ಮುರಿದಿತ್ತು. ಆ ತಿಂಗಳೂ ಅವಳು ಮುಟ್ಟಾದಳು. ಹುಟ್ಟಿಸಲೆಂದೇ ಉರಿದ ಮೈ, ಅದನ್ನೂ ಮಾಡಲಿಲ್ಲ.

ಮೈಲಾರಿಯ ಲೆಕ್ಕ ಭೈರನಿಗಿಂತ ಒಂದು ವಾರ ಹಿಂದೆ. ಭೈರನಿಗೆ ಹದಿನೆಂಟು, ಇವನಿಗೆ ಹನ್ನೊಂದು. ಪೇಟೆಯ ದೊಡ್ಡಾಸ್ಪತ್ರೆಗೆ ಸೇರಿಸಿದೆವು. ಮೇಡಂ ಎಲ್ಲವನ್ನೂ ಬಿಚ್ಚಿ ಹೇಳಿದರು, ಕೆಲಸ ಹೋಗುತ್ತದೆಂದು ಗೊತ್ತಿದ್ದೂ. ಬೀಜ ತೆಗೆಯಲು ಒಪ್ಪಿಗೆಯೇ ಎಂದು ಡಾಕ್ಟರರು ಮೈಲಾರಿಯನ್ನೇ ಕೇಳಿದರು.

"ಬ್ಯಾಡ," ಎಂದ ಅವನು. ಕೈಕಾಲು ಮಂಚಕ್ಕೆ ಕಟ್ಟಿದ್ದರು. ಆದರೂ ಮಾತು ಸ್ಪಷ್ಟವಿತ್ತು. "ನಾ ಗಂಡಸಾಗಿ ಹುಟ್ಟೀನಿ. ಗಂಡಸಾಗಿ ಸಾಯ್ತೀನಿ. ಯಾರರೆ ಕೈ ಹಚ್ಚಿದ್ರ ಬಿಡಾಂಗಿಲ್ಲ."

ಡಾಕ್ಟರರು ಹೊರಗೆ ಬಂದರು. "ರೋಗಿಗೆ ಎಚ್ಚರ ಐತಿ, ತಿಳಿವಳಿಕಿ ಐತಿ. ಅವರು ಒಲ್ಲೆ ಅಂದ್ರ ನಾವು ಮುಟ್ಟಾಂಗಿಲ್ಲ ತಾಯಿ. ಕೋರ್ಟಿನ ಆದೇಶ ತರ್ರಿ." ವಕೀಲರನ್ನು ಕಂಡೆ. ಒಂದು ವಾರ ಎಂದರು. ಅವರದ್ದೂ ತಪ್ಪಲ್ಲ, ಡಾಕ್ಟರರದ್ದೂ ತಪ್ಪಲ್ಲ. ಆದರೆ ನನ್ನ ತಮ್ಮನಿಗೆ ಒಂದು ವಾರ ಇರಲಿಲ್ಲ.

ಬುಧವಾರ ಬೆಳಿಗ್ಗೆ ಪರದೆಯ ಮುಂದೆ ಕೂತಿದ್ದೆ. ಭೈರನಿಗೆ ಇಪ್ಪತ್ತೊಂದನೆಯ ದಿನ. ಒಡೆಯದೆ ಬಿಟ್ಟಿದ್ದ ಎರಡನೆಯದು ಹಿಂದಿನ ದಿನವೇ ಸತ್ತಿತ್ತು. ಎಂಟು ಗಂಟೆಗೆ, ಹದಿನಾರನೆಯ ದಿನ ಒಡೆದಿದ್ದರಲ್ಲಿ ಒಂದರ ಎದೆಬಡಿತದ ಗೆರೆ ನೆಟ್ಟಗಾಯಿತು. ಒಂಬತ್ತೂವರೆಗೆ ಇನ್ನೊಂದರದು. ಹದಿನಾಲ್ಕಕ್ಕೆ ಒಡೆದ ಎರಡು ಮಾತ್ರ ಉಳಿದವು. ಭೈರ ಹೊಟ್ಟು ತಿನ್ನುತ್ತಿತ್ತು.

ಮೇಡಂ ನನ್ನ ಹಿಂದೆ ನಿಂತಿದ್ದರು. ಇಬ್ಬರಿಗೂ ಲೆಕ್ಕ ತಿಳಿಯಿತು. ಮೈಲಾರಿಗೆ ಅಂದು ಹದಿನಾಲ್ಕು. ನಾಳೆ ಎಂದರೆ ತಡ.

ಅಷ್ಟರಲ್ಲಿ ಆಸ್ಪತ್ರೆಯಿಂದ ಫೋನು. ಕಟ್ಟಿದ ಪಟ್ಟಿ ಹರಿದು, ಕಾವಲುಗಾರನ ದವಡೆ ಮುರಿದು ಓಡಿದ್ದಾನೆ. ಎಲ್ಲಿಗೆ ಬರುತ್ತಾನೆಂದು ನನಗೆ ಗೊತ್ತಿತ್ತು. ವಸ್ತಾದರಿಗೆ ಹೇಳಿ ಕಳಿಸಿದೆ. ರೇಣವ್ವನನ್ನೂ ಕರೆಸಿದೆ.

ಉರಿಬಿಸಿಲಲ್ಲಿ ಬಂದ. ಮೈಮೇಲೆ ಒಂದು ಲಂಗೋಟಿ ಮಾತ್ರ, ಹಣೆ ಸೀಳಿ ರಕ್ತ ಎದೆಗೆ ಇಳಿಯುತ್ತಿತ್ತು. ನಮ್ಮನ್ನು ನೋಡಲೇ ಇಲ್ಲ. ಟಗರುಗಳ ಶೆಡ್ಡಿಗೆ ಹೋಗಿ ಭೈರನ ಎದುರು ನಿಂತ.

"ಹಾಯಲೇ ಭೈರಾ. ಬಾ, ಹಾಯಿ."

ಭೈರ ಮೆಲ್ಲುತ್ತಿತ್ತು. ಅವನ ಕೈ ನೆಕ್ಕಲು ಮೂತಿ ಚಾಚಿತು. ಗುರುತು ಸಿಕ್ಕಿತ್ತು ಅದಕ್ಕೆ. ಮೈಲಾರಿ ಅದರ ಕೋಡು ಹಿಡಿದು ಜಗ್ಗಿದ, ಒದ್ದ, ಬೈದ. ಭೈರ ಅಲುಗಲಿಲ್ಲ. ಆಗ ಅವನು ಮೂರು ಹೆಜ್ಜೆ ಹಿಂದೆ ಸರಿದು ಓಡಿ ಹೋಗಿ ಕಬ್ಬಿಣದ ಕಂಬಕ್ಕೆ ಹಾಯ್ದ. ಶೆಡ್ಡು ನಡುಗಿತು. ಬಿದ್ದ. ಎದ್ದ. ಮತ್ತೆ ಹಿಂದೆ ಸರಿದ.

"ಕಂಬಳಿ ಹಾಕ್ರೋ," ಎಂದು ವಸ್ತಾದರು ಕೂಗಿದರು. ಗರಡಿಯ ಆರು ಜನ, ಅವನ ಜೊತೆಯೇ ಮಣ್ಣು ಹೊತ್ತವರು, ಕಂಬಳಿ ಎಸೆದು ಮೈಮೇಲೆ ಬಿದ್ದರು. ಒಬ್ಬನ ಹಲ್ಲು ಹೋಯಿತು, ಇನ್ನೊಬ್ಬನ ಭುಜ ಕಳಚಿತು. ಕೊನೆಗೆ ಟಗರು ಕಟ್ಟುವ ಹಗ್ಗದಿಂದ, ಟಗರು ಕಟ್ಟುವ ಹಾಗೆಯೇ, ಕಾಲು ಎಳೆದು ಹಲಗೆಯ ಮೇಲೆ ಕಟ್ಟಿದರು. ವಸ್ತಾದರು ಅವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತರು.

ಮೇಡಂ ಅರಿವಳಿಕೆ ಚುಚ್ಚಿದರು. ಕತ್ತರಿ ಕೈಗೆತ್ತಿಕೊಂಡು ಮತ್ತೆ ಕೆಳಗಿಟ್ಟರು. "ನಾ ಕುರಿ ಡಾಕ್ಟರ್ ಫಕ್ಕೀರವ್ವಾ. ಮನುಷ್ಯಾರ ಮ್ಯಾಲೆ ನಂಗ ಆಗೂದಿಲ್ಲ."

"ನಾನೂ ಕುರಿ ಒಡಿಯಾಕೀನ ಮೇಡಂ," ಎಂದು ಇಕ್ಕಳ ತೆಗೆದುಕೊಂಡೆ.

ಆಗ ಮೈಲಾರಿ ನನ್ನತ್ತ ತಿರುಗಿ ನೋಡಿದ. ಹದಿನಾಲ್ಕು ದಿನದಲ್ಲಿ ಮೊದಲ ಸಲ ಅವನ ಕಣ್ಣು ನನ್ನ ತಮ್ಮನ ಕಣ್ಣಾಗಿತ್ತು.

"ಅಕ್ಕಾ, ಬ್ಯಾಡ. ಕೈ ಮುಗಿತೀನಿ. ಸಾಯಾಕ ಬಿಡು. ನನ್ನ ಟಗರು ಮಾಡಬ್ಯಾಡ."

ನಾನು ರೇಣವ್ವನ ಮುಖ ನೋಡಿದೆ. ಇಪ್ಪತ್ತೊಂದು ವರ್ಷದ ಹುಡುಗಿ. ಮುರಿದ ಕೈಯನ್ನು ಎದೆಗೆ ಕಟ್ಟಿಕೊಂಡು ನಿಂತಿದ್ದಳು.

"ಮಾಡ್ರಿ ಅಕ್ಕಾರ," ಎಂದಳು. "ನನಗ ಕೂಸು ಬ್ಯಾಡ. ಇವರು ಬೇಕು."

ಅರಿವಳಿಕೆ ಅವನಿಗೆ ಹತ್ತಲಿಲ್ಲ. ಕೆಂಪು ತುಂಬಿದ ಮೈಗೆ ಯಾವುದೂ ಹತ್ತುತ್ತಿರಲಿಲ್ಲ. ಕಾಯಲು ಹೊತ್ತಿರಲಿಲ್ಲ. ನಾನು ಎರಡು ಸಲ ಇಕ್ಕಳ ಒತ್ತಿದೆ. ಎರಡು ಸಲವೂ ಅವನು ಕೂಗಿದ್ದು "ಅಕ್ಕಾ" ಎಂದೇ. ಚಿಕ್ಕವನಿದ್ದಾಗ ಬಿದ್ದು ಮೊಣಕಾಲು ತರಚಿಕೊಂಡರೂ ಹಾಗೆಯೇ ಕೂಗುತ್ತಿದ್ದ.

ಹಸಿರು ಸೂಜಿ ನಾನೇ ಚುಚ್ಚಿದೆ. ಸಂಜೆಗೆ ಅವನ ಜ್ವರ ಇಳಿಯಿತು. ಎರಡು ದಿನ ನಿದ್ದೆ ಮಾಡಿದ. ಎಚ್ಚರವಾದಾಗ ಬೆನ್ನಿನ ಗೀರುಗಳೆಲ್ಲ ಮಾಯ್ದಿದ್ದವು. ಹಣೆಯ ಮೇಲೆ ಗುರುತೂ ಇರಲಿಲ್ಲ.

ಕೇಸು ನಡೆಯಿತು. ಮೇಡಂ ಎಲ್ಲವನ್ನೂ ತಮ್ಮ ಮೇಲೆ ಎಳೆದುಕೊಂಡು ಕೆಲಸ ಬಿಟ್ಟರು. ಎರಡೂ ಔಷಧಗಳನ್ನು ಸುಟ್ಟುಹಾಕಿದರು. ನ್ಯಾಯಾಧೀಶರು ಮೈಲಾರಿಯನ್ನು ಕೇಳಿದರು, ನಿಮ್ಮ ಅಕ್ಕನ ಮೇಲೆ ದೂರು ಇದೆಯೇ ಎಂದು. ಅವನು "ಇಲ್ರಿ" ಎಂದ. ಹೊರಗೆ ಮೆಟ್ಟಿಲ ಮೇಲೆ ನನ್ನ ಪಕ್ಕದಲ್ಲಿ ನಿಂತು ಒಂದೇ ಮಾತು ಆಡಿದ.

"ಬ್ಯಾಡ ಅಂದಿದ್ನಲ್ಲಾ ಅಕ್ಕಾ."

"ಸಾಯ್ತಿದ್ದಿ."

"ಹೂಂ. ಆದ್ರೂ ಬ್ಯಾಡ ಅಂದಿದ್ದೆ."

ಅದಾದ ಮೇಲೆ ಇಪ್ಪತ್ನಾಲ್ಕು ವರ್ಷ ನನ್ನೊಡನೆ ಅಗತ್ಯಕ್ಕಿಂತ ಹೆಚ್ಚು ಮಾತಾಡಲಿಲ್ಲ. ಒಂದೇ ಮನೆಯಲ್ಲಿ ಇದ್ದ, ಹೊಲ ನೋಡಿಕೊಂಡ, ನನಗೆ ಜ್ವರ ಬಂದರೆ ಗಂಜಿ ಕಾಯಿಸಿದ. ಮಾತು ಮಾತ್ರ ಇಲ್ಲ. ಹಾಗೆ ಬದುಕಿಸಿಕೊಂಡದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ. ಅವನಿಗೆ ಸಿಟ್ಟು ಇರಬಾರದೆಂದೂ ನಾನು ಹೇಳುವುದಿಲ್ಲ.

ಕೆಂಪು ಬೆಂಕಿ ಆರಿತು, ಹಸಿರು ಮಾತ್ರ 'ಸಾಕು' ಎನ್ನಲಿಲ್ಲ. ಭೈರನಿಗೆ ಈಗ ಇಪ್ಪತ್ತೆಂಟು ವರ್ಷ, ಹಲ್ಲುಗಳೆಲ್ಲ ಗಟ್ಟಿ. ಮೈಲಾರಿಗೆ ನಲವತ್ತೆಂಟು. ನೋಡಿದವರು ಇಪ್ಪತ್ತಾರು ಎನ್ನುತ್ತಾರೆ. ವಸ್ತಾದರು ತೀರಿಕೊಂಡ ಮೇಲೆ ಗರಡಿಯ ಹೊಸ ಹುಡುಗರು ಅವನ ಕಾಲಿಗೆ ಬೀಳಲು ಬಂದರು. ಬ್ರಹ್ಮಚರ್ಯ ಹಿಡಿದರೆ ಮೈ ಹೀಗಿರುತ್ತದೆ ಎಂದು ಅವನ ಫೋಟೋ ಗೋಡೆಗೆ ಹಾಕಿದ್ದರು. ಅವನು ಫೋಟೋ ಕಿತ್ತು ನೆಲಕ್ಕೆ ಬಡಿದ. "ನಮ್ಮಕ್ಕ ನನ್ನ ಟಗರು ಒಡದಂಗ ಒಡದಾಳ. ಅದಕ್ಕ ಹಿಂಗ ಅದೀನಿ. ಕೆಂಪು ಲಂಗೋಟಿ ಅಲ್ಲ," ಎಂದು ಎಲ್ಲರ ಮುಂದೆ ಹೇಳಿದ. ಆಮೇಲೆ ಅವನು ಗರಡಿಗೆ ಹೋಗಲಿಲ್ಲ.

ರೇಣವ್ವ ಅವನನ್ನು ಬಿಡಲಿಲ್ಲ. ತವರಿನವರು ಬಂದು ಕರೆದರು, ಬೇರೆ ಗಂಡು ನೋಡುತ್ತೇವೆ ಎಂದರು. ಹೋಗಲಿಲ್ಲ. ಅವಳ ಕೂದಲು ಬೆಳ್ಳಗಾಯಿತು, ಸೊಂಟ ಬಾಗಿತು, ಮಂಡಿ ಹಿಡಿಯಿತು. ಜೊತೆಯಲ್ಲಿ ನಡೆದರೆ ಅವನು ಅವಳಿಗಾಗಿ ಹೆಜ್ಜೆ ನಿಧಾನ ಮಾಡುತ್ತಾನೆ.

ಹೋದ ತಿಂಗಳು ಅವಳ ಗರ್ಭಕೋಶದಲ್ಲಿ ಗಂಟು ಎಂದು ತಿಳಿಯಿತು. ತೆಗೆಯಬೇಕು ಎಂದರು. ಮೂವರೂ ಆಸ್ಪತ್ರೆಗೆ ಹೋದೆವು. ಚಿಕ್ಕ ವಯಸ್ಸಿನ ನರ್ಸ್ ಫಾರಮು ತುಂಬುತ್ತ ಕೂತಿದ್ದಳು.

"ಯಜಮಾನ್ರು ಬಂದಿಲ್ಲೇನವ್ವಾ? ಒಪ್ಪಿಗಿ ಸಹಿ ಬೇಕಿತ್ತು." ನಾವು ಉತ್ತರ ಕೊಡುವ ಮೊದಲೇ ಮೈಲಾರಿಯ ಕಡೆ ನೋಡಿದಳು. "ಇವ್ರು ಮಗ ಅಲ್ಲೇನು? ಮಗ ಹಾಕಿದ್ರೂ ನಡಿತೈತಿ."

ನಾನು ಬಾಯಿ ತೆರೆದೆ. ರೇಣವ್ವ ನನ್ನ ಕೈ ಹಿಡಿದು ಒತ್ತಿದಳು.

"ಹೂನವ್ವ," ಎಂದಳು. "ಇರೂ ಒಬ್ಬ ಮಗ."

ನರ್ಸ್ ಬರೆದುಕೊಂಡು ಪೆನ್ನನ್ನು ಮೈಲಾರಿಯ ಕೈಗೆ ಕೊಟ್ಟಳು. ಅವನು ಸಹಿ ಮಾಡಲಿಲ್ಲ. ಪೆನ್ನು ಹಿಡಿದುಕೊಂಡೇ ರೇಣವ್ವನ ಎದುರು ಮಂಡಿಯೂರಿ ಕೂತ.

"ಖರೇ ಹೇಳು. ನಿನಗ ಒಪ್ಪಿಗಿ ಐತೇನು? ನೀ ಬ್ಯಾಡ ಅಂದ್ರ ಈಗಿಂದೀಗ ಹೊಳ್ಳಿ ಹೋಗೂನು. ಯಾರೂ ಏನೂ ಅನ್ನಾಂಗಿಲ್ಲ."

ಅವಳು ಅವನ ಮುಖವನ್ನು ಎರಡೂ ಕೈಯಿಂದ ಹಿಡಿದಳು. ಒಂದು ಸುಕ್ಕೂ ಇಲ್ಲದ ಮುಖ.

"ಮಾಡಸ್ರಿ," ಎಂದಳು.

ಆಗ ಅವನು ತಲೆಯೆತ್ತಿ ನನ್ನನ್ನು ನೋಡಿದ. ಇಪ್ಪತ್ನಾಲ್ಕು ವರ್ಷದಲ್ಲಿ ಮೊದಲ ಸಲ ನೆಟ್ಟಗೆ ನೋಡಿದ. ನಾನೇ ಕಣ್ಣು ಕೆಳಗೆ ಮಾಡಿದೆ. ಅವನು ಮೇಜಿನ ಬಳಿ ಹೋಗಿ ಸಹಿ ಹಾಕಿದ. ಸಂಬಂಧ ಎಂದಿದ್ದ ಜಾಗದಲ್ಲಿ ನರ್ಸ್ ಆಗಲೇ 'ಮಗ' ಎಂದು ಬರೆದಿದ್ದಳು. ಅವನು ಅದನ್ನು ತಿದ್ದಲಿಲ್ಲ.